ತಗಡಿನ ಕೂಲರ್: ತಂಪು ಚೆನ್ನಾಗಿದೆ, ನೀರಿನ ತೊಟ್ಟಿ ಸರಿಯಿಲ್ಲ

ಕಳೆದ ಬೇಸಿಗೆಯಲ್ಲಿ ಕಲಬುರಗಿಯಲ್ಲೇ ತಯಾರಾದ ದೊಡ್ಡ ತಗಡಿನ ಕೂಲರ್ ಒಂದನ್ನು ಕೊಂಡೆವು. ತಂಪಿನ ವಿಷಯದಲ್ಲಿ ದೂರುವುದಕ್ಕೆ ಏನೂ ಇಲ್ಲ. ನಮ್ಮ ಒಣ ಬಿಸಿಲಿನಲ್ಲಿ ನೀರು ಬೇಗ ಆವಿಯಾಗಿ ಗಾಳಿಯ ಶಾಖವನ್ನು ಹೀರಿಕೊಳ್ಳುವುದರಿಂದ, ಬಿಸಿಲು 42 ಡಿಗ್ರಿ ದಾಟಿದ ಮಧ್ಯಾಹ್ನಗಳಲ್ಲೂ ಪಡಸಾಲೆಯಲ್ಲಿ ನೆಮ್ಮದಿಯಾಗಿ ಕುಳಿತಿರಬಹುದು. ಮೋಟಾರು ಗಟ್ಟಿಯಾಗಿದೆ, ಬಿಡಿಭಾಗಗಳು ಊರಿನಲ್ಲೇ ಸಿಗುತ್ತವೆ.

ಆದರೆ ತೊಟ್ಟಿಯ ನೀರು ಪೂರ್ತಿ ಖಾಲಿಯಾಗುತ್ತದೆಯೇ ಎಂದು ಕೊಳ್ಳುವಾಗ ಯಾರೂ ಕೇಳುವುದಿಲ್ಲ. ಈ ಕೂಲರಿನಲ್ಲಿ ನೀರು ಬಿಡುವ ತೂತು ತಳದಲ್ಲಿಲ್ಲ. ಪಕ್ಕದ ತಗಡಿನಲ್ಲಿ, ತಳದಿಂದ ಎರಡು ಬೆರಳಿನಷ್ಟು ಮೇಲಿದೆ. ಬೂಚು ತೆಗೆದ ಮೇಲೂ ಅಷ್ಟು ನೀರು ಉಳಿಯುತ್ತದೆ, ಈಡಿಸ್ ಈಜಿಪ್ಟೈ ಸೊಳ್ಳೆಗೆ ಅಷ್ಟೇ ಸಾಕು. ಡೆಂಗಿ, ಚಿಕೂನ್‌ಗುನ್ಯಾ ಹರಡುವ ಈ ಸೊಳ್ಳೆ ಮೂಲತಃ ಆಫ್ರಿಕಾದ್ದು. ಹಡಗುಗಳಲ್ಲಿ ಸೇರಿಕೊಂಡು ಜಗತ್ತನ್ನೆಲ್ಲ ವ್ಯಾಪಿಸಿದ ಇದಕ್ಕೆ ಚರಂಡಿಗಿಂತ ಮನೆಯೊಳಗೆ ತುಂಬಿಟ್ಟ ತಿಳಿನೀರೇ ಹೆಚ್ಚು ಪ್ರಿಯ. ಸೆಕೆಗಾಲದಲ್ಲಿ ಮೊಟ್ಟೆ ಒಡೆದು ಸೊಳ್ಳೆ ಹಾರಲು ಒಂದು ವಾರದಿಂದ ಹತ್ತು ದಿನ ಹಿಡಿಯುತ್ತದೆ. ಅದು ಕಚ್ಚುವುದು ಹಗಲಿನಲ್ಲಾದ್ದರಿಂದ ರಾತ್ರಿಯ ಸೊಳ್ಳೆಪರದೆಯನ್ನೇ ನಂಬುವಂತಿಲ್ಲ.

ನೀರು ಚೆಲ್ಲಿದರೆ ಕೆಲಸ ಮುಗಿಯಿತೆಂದೂ ಅಲ್ಲ. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಅಂಚಿಗಿಂತ ತುಸು ಮೇಲೆ, ಒದ್ದೆಯಾದ ಗೋಡೆಗೆ ಅಂಟಿಸುತ್ತದೆ. ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತುಂಬಿದಾಗ ಒಡೆಯುತ್ತವೆ. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿಯನ್ನು ಬ್ರಷ್ಷಿನಿಂದ ಉಜ್ಜಲೇಬೇಕು. ಇಲ್ಲಿ ಒಳಗೋಡೆ ತುಕ್ಕು ಹಿಡಿದು ಒರಟಾಗಿದೆ, ಬೆಸುಗೆಯ ಸಂದುಗಳಿಗೆ ಬ್ರಷ್ಷು ತಲುಪುವುದಿಲ್ಲ. ಬೇಸಿಗೆ ಮುಗಿದ ಮೇಲೆ ಸರ್ವಿಸಿಗೆ ಬಂದ ಅಂಗಡಿಯ ಹುಡುಗ ಹುಲ್ಲಿನ ಪ್ಯಾಡು ಬದಲಿಸಿ, ಎಣ್ಣೆ ಬಿಟ್ಟು, ತೊಟ್ಟಿಯನ್ನು ಮುಟ್ಟದೆ ಹೊರಟುಬಿಟ್ಟ. 2006ರಲ್ಲಿ ಚಿಕೂನ್‌ಗುನ್ಯಾ ನಮ್ಮ ಭಾಗದ ಹಳ್ಳಿಗಳಲ್ಲಿ ದುಡಿಯುವ ಜನರನ್ನು ಕೀಲುನೋವಿನಿಂದ ಹಾಸಿಗೆಗೆ ಕೆಡವಿದ್ದನ್ನು ಕಂಡವರಿಗೆ ಇದು ಸಣ್ಣ ಲೋಪ ಎನಿಸಲಾರದು.

ತುಂಬಿಟ್ಟ ನೀರಿನ ಅಪಾಯ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಪೂರ್ವ ಆಫ್ರಿಕಾದ ಜಿಬೂಟಿ ದೇಶವೇ ಸಾಕ್ಷಿ. ನಮ್ಮ ನಗರಗಳ ಮಾಳಿಗೆಯ ಟ್ಯಾಂಕುಗಳಲ್ಲಿ ಬೆಳೆಯುವ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸೈ 2012ರಲ್ಲಿ ಅಲ್ಲಿ ಪತ್ತೆಯಾಯಿತು. ಮಲೇರಿಯಾ ಬಹುತೇಕ ಅಳಿದಿದ್ದ ಆ ಪುಟ್ಟ ದೇಶದಲ್ಲಿ 2020ರ ಹೊತ್ತಿಗೆ ವರ್ಷದ ಪ್ರಕರಣಗಳು 70 ಸಾವಿರ ದಾಟಿದ್ದವು.

ನಾವು ಬೆಸುಗೆಯವರನ್ನು ಕರೆಸಿ ತಳದಲ್ಲೇ ಹೊಸ ತೂತು ಕೊರೆಸಿ ನಲ್ಲಿ ಹಾಕಿಸಿದೆವು. ಈಗ ತೊಟ್ಟಿ ಪೂರ್ತಿ ಬರಿದಾಗುತ್ತದೆ. ಗಾಳಿಗಾಗಿ ಈ ಕೂಲರ್ ಕೊಳ್ಳಲು ಯೋಗ್ಯ. ಕೊಳ್ಳುವವರು ತಯಾರಿಯ ಹಂತದಲ್ಲೇ ತಳದ ನಲ್ಲಿಯನ್ನೂ, ಸಾಧ್ಯವಾದರೆ ನುಣುಪಾದ ಪ್ಲಾಸ್ಟಿಕ್ ತೊಟ್ಟಿಯನ್ನೂ ಕೇಳಿ ಮಾಡಿಸಿಕೊಳ್ಳಬೇಕು.