ತಿರುಗದ ಬಂಧವನ್ನು ಕೈಗೆ ಕಾಣಿಸುವ ಪೆಟ್ಟಿಗೆ: ಒಂದು ಅಣುಮಾದರಿ ಸೆಟ್ಟಿನ ವಿಮರ್ಶೆ

ಸಾವಯವ ರಸಾಯನಶಾಸ್ತ್ರವನ್ನು ಓದತೊಡಗಿದ ಮೊದಲ ವರ್ಷದಲ್ಲೇ ಸಿಸ್ ಮತ್ತು ಟ್ರಾನ್ಸ್ ಸಮಾಂಗಿಗಳ ವ್ಯಾಖ್ಯೆ ನನಗೆ ಬಾಯಿಪಾಠವಾಗಿತ್ತು: ಒಂದೇ ಅಣುಸೂತ್ರದ ಎರಡು ಅಣುಗಳಲ್ಲಿ, ದ್ವಿಬಂಧದ (ಎರಡು ಇಂಗಾಲಗಳ ನಡುವಿನ ಜೋಡಿ ಬಂಧದ) ಒಂದೇ ಬದಿಯಲ್ಲಿ ಗುಂಪುಗಳಿದ್ದರೆ ಸಿಸ್, ವಿರುದ್ಧ ಬದಿಗಳಲ್ಲಿದ್ದರೆ ಟ್ರಾನ್ಸ್. ಆದರೆ ಹಾಳೆಯ ಮೇಲಿನ ಎರಡು ಚಿತ್ರಗಳಲ್ಲಿ ಒಂದನ್ನು ಹೇಗೆ ಮಗುಚಿದರೂ ಇನ್ನೊಂದು ಸಿಗುವುದಿಲ್ಲವೇಕೆ ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರ ಸಿಕ್ಕಿದ್ದು ಗೋಲಿ ಮತ್ತು ಕಡ್ಡಿಗಳ ಒಂದು ಅಣುಮಾದರಿ ಪೆಟ್ಟಿಗೆಯಿಂದ. ಹಲವು ತಿಂಗಳು ಬಳಸಿದ ಮೇಲೆ, ಈ ಒಂದು ಪಾಠದ ಮಟ್ಟಿಗೆ ಅದು ಎಷ್ಟು ಉಪಯುಕ್ತ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ ಇಂಗಾಲಕ್ಕೆ 12 ಕಪ್ಪು, ಜಲಜನಕಕ್ಕೆ 20 ಬಿಳಿ, ಆಮ್ಲಜನಕಕ್ಕೆ 6 ಕೆಂಪು ಮತ್ತು ಕ್ಲೋರಿನ್‌ಗೆ 4 ಹಸಿರು ಗೋಲಿಗಳಿವೆ. ಏಕಬಂಧಕ್ಕೆ ಬಿಗಿಯಾದ ಗಿಡ್ಡ ಕಡ್ಡಿಗಳು, ದ್ವಿಬಂಧಕ್ಕೆ ಬಾಗುವ ಉದ್ದ ಕಡ್ಡಿಗಳು. ಈ ಬಣ್ಣಗಳಿಗೂ ಒಂದು ಹಿನ್ನೆಲೆಯಿದೆ: 1865ರಲ್ಲಿ ಲಂಡನ್ನಿನ ಉಪನ್ಯಾಸವೊಂದರಲ್ಲಿ ರಸಾಯನವಿಜ್ಞಾನಿ ಆಗಸ್ಟ್ ಹಾಫ್‌ಮನ್ ಕ್ರೋಕೆ ಆಟದ ಚೆಂಡುಗಳಿಗೆ ಇವೇ ಬಣ್ಣಗಳನ್ನು ಕೊಟ್ಟು ಅಣುಗಳನ್ನು ತೋರಿಸಿದ್ದರು. ಆ ಮಾದರಿಗಳು ಚಪ್ಪಟೆಯಾಗಿದ್ದವು. ಇಂಗಾಲದ ನಾಲ್ಕು ಬಂಧಗಳು ಚತುರ್ಮುಖಿಯ ಮೂಲೆಗಳತ್ತ ಚಾಚಿರುತ್ತವೆ ಎಂದು ರಸಾಯನವಿಜ್ಞಾನಿ ವಾಂಟ್ ಹಾಫ್ ಹೇಳಿದ್ದು 1874ರಲ್ಲಿ. ಸಿಸ್–ಟ್ರಾನ್ಸ್ ಭೇದಕ್ಕೂ ಅವರ ಆ ಕಲ್ಪನೆಯೇ ಬುನಾದಿ.

ಮೊದಲು ನಾಲ್ಕು ಇಂಗಾಲಗಳ ಸರಪಳಿಯಾದ ಬ್ಯೂಟೇನನ್ನು ಕಟ್ಟಿ ನೋಡಬೇಕು. ನಡುವಿನ ಎರಡು ಇಂಗಾಲಗಳನ್ನು ಹಿಡಿದು ತಿರುಚಿದರೆ ಬಂಧ ಸಲೀಸಾಗಿ ತಿರುಗುತ್ತದೆ; ತುದಿಯ ಮಿಥೈಲ್ ಗುಂಪುಗಳು (ಒಂದು ಇಂಗಾಲ, ಮೂರು ಜಲಜನಕ) ಒಮ್ಮೆ ಹತ್ತಿರ ಬರುತ್ತವೆ, ಒಮ್ಮೆ ದೂರ ಹೋಗುತ್ತವೆ, ಅಣು ಮಾತ್ರ ಅದೇ ಆಗಿರುತ್ತದೆ. ಅನಂತರ ಆ ನಡುವಿನ ಇಂಗಾಲಗಳಿಂದ ಒಂದೊಂದು ಜಲಜನಕವನ್ನು ತೆಗೆದು, ಎರಡು ಬಾಗುಕಡ್ಡಿಗಳನ್ನು ಜೋಡಿಸಿ 2-ಬ್ಯೂಟೀನ್ ಮಾಡಿದಾಗ ಕೈಗೆ ಬೇರೆಯೇ ಅನುಭವವಾಗುತ್ತದೆ. ಬಂಧ ತಿರುಗಲು ಒಪ್ಪುವುದಿಲ್ಲ. ಎರಡು ಕಡ್ಡಿಗಳನ್ನೂ ಒಂದು ತುದಿಯಲ್ಲಿ ಕಿತ್ತು, ಅರ್ಧ ಸುತ್ತು ತಿರುಗಿಸಿ ಮತ್ತೆ ಚುಚ್ಚಿದರಷ್ಟೇ ಸಿಸ್ ರೂಪ ಟ್ರಾನ್ಸ್ ಆಗುತ್ತದೆ. ನಿಜವಾದ ಅಣುವಿನಲ್ಲಿ ಹೀಗೆ ಕಿತ್ತುಹೋಗಬೇಕಾದದ್ದು ಪೈ ಬಂಧ ಮಾತ್ರ, ಅಂದರೆ ದ್ವಿಬಂಧದ ಎರಡು ಬಂಧಗಳಲ್ಲಿ ದುರ್ಬಲವಾದದ್ದು; ಇನ್ನೊಂದು ಸಿಗ್ಮಾ ಬಂಧ. ಈಥೇನಿನ ಏಕಬಂಧ ತಿರುಗಲು ಮೋಲ್‌ಗೆ ಸುಮಾರು 12 ಕಿಲೋಜೂಲ್ ಸಾಕು. ದ್ವಿಬಂಧ ತಿರುಗಲು ಸುಮಾರು 260 ಕಿಲೋಜೂಲ್ ಬೇಕು. ಪುಸ್ತಕದಲ್ಲಿ ಹಲವು ಸಲ ಓದಿದ್ದ ಈ ಅಂಕಿಗಳಿಗೆ ಅರ್ಥ ಬಂದದ್ದು ಆ ಕಡ್ಡಿಗಳನ್ನು ಕೀಳಲು ಹೆಣಗಿದ ಕ್ಷಣದಲ್ಲಿ. ಎರಡೂ ರೂಪಗಳನ್ನು ಕಟ್ಟಲು ಬೇಕಾಗುವ 8 ಕಪ್ಪು ಮತ್ತು 16 ಬಿಳಿ ಗೋಲಿಗಳು ಪೆಟ್ಟಿಗೆಯಲ್ಲಿರುವುದರಿಂದ ಅವನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು. ಹಾಗೆಯೇ 1-ಬ್ಯೂಟೀನನ್ನು ಕಟ್ಟಿ ತುದಿಯ ಇಂಗಾಲದ ಎರಡು ಜಲಜನಕಗಳನ್ನು ಅದಲುಬದಲು ಮಾಡಿದರೆ ಏನೂ ಬದಲಾಗುವುದಿಲ್ಲ. ದ್ವಿಬಂಧದ ಎರಡೂ ಇಂಗಾಲಗಳ ಮೇಲೆ ತಲಾ ಎರಡು ಬೇರೆ ಬೇರೆ ಗುಂಪುಗಳಿರಬೇಕೆಂಬ ನಿಯಮವನ್ನು ಆಮೇಲೆ ನೆನಪಿಟ್ಟುಕೊಳ್ಳುವ ಅಗತ್ಯವೇ ಬರುವುದಿಲ್ಲ.

ನಾಲ್ಕು ಹಸಿರು ಗೋಲಿಗಳಿಂದ 1,2-ಡೈಕ್ಲೋರೋಈಥೀನಿನ ಎರಡೂ ರೂಪಗಳು ಸಿದ್ಧವಾಗುತ್ತವೆ. ಸಿಸ್‌ನಲ್ಲಿ ಎರಡು ಕ್ಲೋರಿನ್‌ಗಳೂ ಎಲೆಕ್ಟ್ರಾನುಗಳನ್ನು ಒಂದೇ ಕಡೆಗೆ ಎಳೆಯುವುದರಿಂದ ಅಣು ಧ್ರುವೀಯ, ಅಂದರೆ ಅದರ ಒಂದು ಬದಿ ತುಸು ಋಣ, ಇನ್ನೊಂದು ತುಸು ಧನವಾಗಿ ಅಣುಗಳು ಒಂದನ್ನೊಂದು ಹೆಚ್ಚು ಸೆಳೆಯುತ್ತವೆ; ಟ್ರಾನ್ಸ್‌ನಲ್ಲಿ ಆ ಎಳೆತಗಳು ಪರಸ್ಪರ ರದ್ದಾಗುತ್ತವೆ. ಸಿಸ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ ಟ್ರಾನ್ಸ್ ಸುಮಾರು 48ರಲ್ಲೇ ಕುದಿಯುವುದಕ್ಕೆ ಕಾರಣ ಕಣ್ಣೆದುರಿಗೇ ಇರುತ್ತದೆ.

ನನ್ನ ದೊಡ್ಡ ಆಕ್ಷೇಪ ಕೆಂಪು ಗೋಲಿಗಳ ಬಗ್ಗೆ. ಈ ಪಾಠಕ್ಕೆ ಮಲೀಕ್ ಮತ್ತು ಫ್ಯೂಮರಿಕ್ ಆಮ್ಲಗಳಿಗಿಂತ ಉತ್ತಮ ಉದಾಹರಣೆಯನ್ನು ನಾನು ಕಾಣೆ. ಒಂದೇ ಅಣುಸೂತ್ರವಿದ್ದರೂ ಸಿಸ್ ರೂಪದ ಮಲೀಕ್ ಸುಮಾರು 135 ಡಿಗ್ರಿಯಲ್ಲಿ ಕರಗುತ್ತದೆ, ಟ್ರಾನ್ಸ್ ರೂಪದ ಫ್ಯೂಮರಿಕ್ 287 ಡಿಗ್ರಿಯವರೆಗೆ ತಡೆಯುತ್ತದೆ. ನೀರಿನಲ್ಲಿ ಮೊದಲನೆಯದು ಧಾರಾಳವಾಗಿ, ಎರಡನೆಯದು ಅತ್ಯಲ್ಪವಾಗಿ ವಿಲೀನವಾಗುತ್ತದೆ. ಎರಡನ್ನೂ ಒಟ್ಟಿಗೆ ಕಟ್ಟಲು 8 ಆಮ್ಲಜನಕ ಬೇಕು, ಇರುವುದು ಆರೇ. ಒಂದನ್ನು ಬಿಚ್ಚಿಯೇ ಇನ್ನೊಂದನ್ನು ಕಟ್ಟಬೇಕಾದ್ದರಿಂದ ಹೋಲಿಕೆಯ ಸೊಗಸು ಅರ್ಧ ಹೋಗುತ್ತದೆ. ಹಾಗಿದ್ದರೂ ಮಲೀಕ್ ಆಮ್ಲದಿಂದ ಒಂದು ನೀರಿನ ಅಣುವನ್ನು ಬಿಡಿಸಿ, ಉಳಿದ ತುದಿಗಳನ್ನು ಐದು ಸದಸ್ಯರ ಉಂಗುರವಾಗಿ ಮುಚ್ಚಿ ಅನ್‌ಹೈಡ್ರೈಡ್ ಮಾಡುವುದನ್ನು ಯಾರೂ ತಪ್ಪಿಸಬಾರದು. ಫ್ಯೂಮರಿಕ್‌ನಲ್ಲಿ ಅದನ್ನೇ ಮಾಡಹೋದರೆ ಕಡ್ಡಿಗಳು ಪರಸ್ಪರ ಎಟುಕುವುದೇ ಇಲ್ಲ.

ಮಾದರಿಯನ್ನು ಪೂರ್ತಿಯಾಗಿ ನಂಬುವಂತೆಯೂ ಇಲ್ಲ. ಏಕಬಂಧಕ್ಕೂ ದ್ವಿಬಂಧಕ್ಕೂ ಒಂದೇ ಬಗೆಯ ನಾಲ್ಕು ತೂತಿನ ಕಪ್ಪು ಗೋಲಿ ಇರುವುದರಿಂದ ಈಥೀನಿನ ಎರಡು ಜಲಜನಕಗಳ ನಡುವಿನ ಕೋನ 109.5 ಡಿಗ್ರಿಯಾಗಿ ಕಾಣುತ್ತದೆ, ನಿಜದಲ್ಲಿ ಅದು ಸುಮಾರು 117. ಎರಡು ಬಾಗುಕಡ್ಡಿಗಳು ಒಂದೇ ತೆರನಾಗಿರುವುದರಿಂದ ಸಿಗ್ಮಾ ಮತ್ತು ಪೈ ಬಂಧಗಳ ವ್ಯತ್ಯಾಸವೂ ತಿಳಿಯುವುದಿಲ್ಲ. ಬೆಳಕು ಈ ಬೀಗವನ್ನು ತೆರೆಯಬಲ್ಲದು ಎಂಬುದಂತೂ ಪ್ಲಾಸ್ಟಿಕ್ಕಿಗೆ ನಿಲುಕದ ಸಂಗತಿ. ನಮ್ಮ ಕಣ್ಣಿನೊಳಗಿನ ರೆಟಿನಾಲ್ ಎಂಬ ಅಣು ಬೆಳಕು ಬಿದ್ದಾಗ 11-ಸಿಸ್ ರೂಪದಿಂದ ಪೂರ್ಣ ಟ್ರಾನ್ಸ್ ರೂಪಕ್ಕೆ ತಿರುಗುವುದರಿಂದಲೇ ನೋಟದ ಕ್ರಿಯೆ ಆರಂಭವಾಗುತ್ತದೆ.

ಜೊತೆಗೆ ಬರುವ ಕೈಪಿಡಿ ತೀರ ದುರ್ಬಲ. ದ್ವಿಬಂಧದ ಪ್ರತಿ ಇಂಗಾಲದ ಮೇಲೆ ಆದ್ಯತೆ ಹೆಚ್ಚಿರುವ ಗುಂಪುಗಳು ಒಂದೇ ಬದಿಯಲ್ಲಿದ್ದರೆ ಝಡ್, ವಿರುದ್ಧ ಬದಿಗಳಲ್ಲಿದ್ದರೆ ಇ ಎಂದು ಕರೆಯುವ ಇ–ಝಡ್ ಪದ್ಧತಿಯ ಹೆಸರೇ ಅದರಲ್ಲಿ ಇಲ್ಲ. 2-ಕ್ಲೋರೋ-2-ಬ್ಯೂಟೀನನ್ನು ಮಿಥೈಲ್‌ಗಳು ವಿರುದ್ಧ ಬದಿಗಳಲ್ಲಿರುವಂತೆ ಕಟ್ಟಿದರೆ ಕೈಪಿಡಿಯ ಪ್ರಕಾರ ಅದು ಟ್ರಾನ್ಸ್. ಆದರೆ ಆದ್ಯತಾ ನಿಯಮದಂತೆ ಮಿಥೈಲ್‌ಗಿಂತ ಮೇಲಿರುವ ಕ್ಲೋರಿನ್, ಆಚೆಯ ಇಂಗಾಲದ ಮಿಥೈಲ್ ಇರುವ ಬದಿಯಲ್ಲೇ ಇರುವುದರಿಂದ ಅದು ಝಡ್. ಝಡ್ ಎಂದರೆ ಸಿಸ್ ಎಂದು ಸಮೀಕರಿಸಿಕೊಂಡ ವಿದ್ಯಾರ್ಥಿ ಇಲ್ಲೇ ಎಡವುತ್ತಾನೆ.

ಇಷ್ಟಾದರೂ ಈ ವಿಷಯವನ್ನು ಮೊದಲ ಸಲ ಓದುತ್ತಿರುವವರಿಗೆ ಇಂಥ ಪೆಟ್ಟಿಗೆಯನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಕೊಳ್ಳುವಾಗ ಕೆಂಪು ಗೋಲಿಗಳು ಎಂಟಾದರೂ ಇರುವ, ದ್ವಿಬಂಧದ ಇಂಗಾಲಕ್ಕೆ ಮೂರು ತೂತಿನ ಪ್ರತ್ಯೇಕ ಗೋಲಿಗಳಿರುವ ಸೆಟ್ಟನ್ನು ಹುಡುಕಿ, ದ್ವಿಬಂಧದ ಕಡ್ಡಿಗಳನ್ನು ಒಮ್ಮೆ ತಿರುಚಿ ನೋಡಿ. ಅವು ಸಡಿಲವಾಗಿದ್ದರೆ ದ್ವಿಬಂಧವೂ ತಿರುಗುತ್ತದೆಂಬ ತಪ್ಪು ಪಾಠವನ್ನೇ ಕಲಿಸುತ್ತವೆ.