ಸ್ಕ್ರೀನ್ ಶೇರ್‌ಗೆ ಫೈರ್‌ಫಾಕ್ಸಾ, ಕ್ರೋಮಿಯಮ್ಮಾ?

ರಾಯಚೂರಲ್ಲಿ ಕೂತು ಲಿನಕ್ಸ್ ಲ್ಯಾಪ್‌ಟಾಪ್‌ನಿಂದ ಆನ್‌ಲೈನ್ ಟ್ಯೂಷನ್ ಹೇಳುವವರಿಗೆ ಈ ಎರಡು ಬ್ರೌಸರ್‌ಗಳಲ್ಲಿ ನಾನು ಕ್ರೋಮಿಯಂ ಅನ್ನುತ್ತೇನೆ. ಬೇಕಾದ ಟ್ಯಾಬ್ ಒಂದನ್ನೇ ತೋರಿಸಬಹುದು, ಅದರಲ್ಲಿ ಓಡುವ ವಿಡಿಯೋದ ಸದ್ದೂ ಮಕ್ಕಳಿಗೆ ಕೇಳುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪೂರ್ತಿ ಸ್ಕ್ರೀನ್, ಇಲ್ಲವೇ ಒಂದು ವಿಂಡೋ ಅಷ್ಟೇ. ನಿಮ್ಮ ಮಾತು ಹೋಗುತ್ತದೆ, ವಿಡಿಯೋದ ಸದ್ದು ಹೋಗುವುದಿಲ್ಲ. ಬರೀ ಪಿಡಿಎಫ್ ತೋರಿಸೋದಾದರೆ ಫೈರ್‌ಫಾಕ್ಸೇ ಸಾಕು, ಅಲ್ವಾ?

ಯಾವ ಬ್ರೌಸರ್ ಅನ್ನುವುದಕ್ಕಿಂತ ಅದರ ಪ್ಯಾಕೇಜ್ (ಇನ್‌ಸ್ಟಾಲ್ ಮಾಡಲು ಕಟ್ಟಿಕೊಟ್ಟ ಪ್ರತಿ) ಜಾಸ್ತಿ ಮುಖ್ಯ. ಲಿನಕ್ಸ್‌ನಲ್ಲಿ ಪರದೆಗೆ ಚಿತ್ರ ಮೂಡಿಸುವ ವ್ಯವಸ್ಥೆ ವೇಲ್ಯಾಂಡ್ ಆಗಿದ್ದರೆ, ಸ್ಕ್ರೀನಿನ ಚಿತ್ರ ಬ್ರೌಸರ್‌ಗೆ ಪೈಪ್‌ವೈರ್ ಎಂಬ, ಸದ್ದು-ವಿಡಿಯೋ ಸಾಗಿಸುವ ತಂತ್ರಾಂಶದ ಮೂಲಕ ಬರಬೇಕು. ಪ್ಯಾಕೇಜ್ ತಯಾರಿಸಿದವರು ಆ ಬೆಂಬಲವನ್ನೇ ಕೈಬಿಟ್ಟಿದ್ದರೆ ಸುಮ್ನೆ ಸೆಟ್ಟಿಂಗ್ಸ್ ತಡಕಾಡಬೇಡಿ. ಬೇರೆ ಪ್ಯಾಕೇಜ್ ಹಾಕಿಕೊಳ್ಳಿ.

ಗುರುತು ಮರೆಮಾಚುವ ಟಾರ್ ಬ್ರೌಸರ್ ಪಾಠಕ್ಕೆ ಬೇಡ. ಐಪಿ ವಿಳಾಸ ಸೋರಬಾರದೆಂದು ಅದರಲ್ಲಿ ವೆಬ್‌ಆರ್‌ಟಿಸಿಯನ್ನೇ (ಬ್ರೌಸರ್‌ನಲ್ಲಿ ವಿಡಿಯೋ ಕರೆ, ಸ್ಕ್ರೀನ್ ಶೇರ್ ನಡೆಸುವ ತಂತ್ರ) ತೆಗೆದಿದ್ದಾರೆ.