ಟ್ರೈನರ್ ಬುಕ್ ಮಾಡುವ ಫಿಟ್‌ನೆಸ್ ಆ್ಯಪ್, ಬದಿಯಡ್ಕದಿಂದ ರಿವ್ಯೂ
ಶುಗರ್ ಬಾರ್ಡರಲ್ಲಿ ಉಂಟು, ವಾರಕ್ಕೆ 150 ನಿಮಿಷ ಆದ್ರೂ ಜೋರು ನಡೀರಿ ಅಂತ ಡಾಕ್ಟ್ರು ಹೇಳಿದ್ಮೇಲೆ ಹಾಕ್ಕೊಂಡ ಆ್ಯಪ್. ಅದ್ರಲ್ಲಿ ಗ್ರೂಪ್ ಮಾಡುದು ಉಂಟಲ್ಲ, ಅದು ನಿಜವಾಗ್ಲೂ ಒಳ್ಳೇದು. ನೀರ್ಚಾಲಿನ ಅತ್ತಿಗೆ, ಕುಂಬಳೆಯ ಗೆಳತಿ, ನಾನು ಸೇರಿದ್ದೇವೆ, ಬೆಳಿಗ್ಗೆ ಆರಕ್ಕೆ ಅತ್ತಿಗೆ ಹೆಸರಿನ ಹತ್ರ ಹಸಿರು ಟಿಕ್ ಬಿತ್ತಂದ್ರೆ ನಂಗೆ ಮತ್ತೆ ಮಲಗ್ಲಿಕ್ಕೆ ಮನಸ್ಸು ಬರುದಿಲ್ಲ, ಮಳೆ ಇದ್ರೆ ಜಗಲಿಯಲ್ಲೇ ಸುತ್ತು ಹಾಕ್ತೇನೆ.

ಬೇಜಾರು ಟ್ರೈನರ್ ಬುಕಿಂಗಿಂದು. ಹತ್ತಿರದವರು ಅಂತ ಮಂಗಳೂರಿನವರನ್ನ ತೋರಿಸ್ತದೆ, ನಾವಿರುದು ಕೇರಳದಲ್ಲಿ, ರಾಜ್ಯವೇ ಬೇರೆ! ಒಂದ್ಸಲ ಟ್ರೈನರೇ ಕ್ಯಾನ್ಸಲ್ ಮಾಡಿದ್ರು, ನನ್ನ ದುಡ್ಡು ವಾಪಸ್ ಬರ್ಲಿಕ್ಕೆ 9 ದಿನ. ಭಾಷೆಯಲ್ಲಿ ಇಂಗ್ಲಿಷ್, ಮಲಯಾಳ ಮಾತ್ರ, ಅತ್ತಿಗೆ ಓದುದು ಕನ್ನಡ, ಪ್ರತೀ ಮೆಸೇಜು ನಾನೇ ಫೋನ್ ಮಾಡಿ ಓದಿ ಹೇಳ್ಬೇಕು. ಕನ್ನಡ ಹಾಕಿ ಮಾರಾಯ್ರೆ, ನಮ್ಮ ಕಾಸರಗೋಡಲ್ಲಿ ಬೇಕೇ ಬೇಕು. ಈಗ 3 ಸ್ಟಾರ್.